ಗುಳಿಗೆ ತಗೊಂಡರೆ ನಂಬಿಕೆ ಕಡಿಮೆಯಾಯಿತೇ?

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬಾಗಲಕೋಟೆ ಜಿಲ್ಲೆ, ಗುಳೇದಗುಡ್ಡದ ಕಡೆಯ ಕ್ರೈಸ್ತ ನೇಕಾರ ಮನೆತನ, ಅಷ್ಟು ಗೊತ್ತಿದ್ದರೆ ಸಾಕು. ನಲವತ್ತು ದಾಟಿದ ಹೆಂಗಸು. ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಬಿಡದ ತಲೆನೋವು ಅಂತ ಮಗ ದವಾಖಾನೆಗೆ ಕರೆತಂದಿದ್ದ. ಡಾಕ್ಟರು ಥೈರಾಯ್ಡ್, ರಕ್ತ ಎಲ್ಲ ನೋಡಿ, ಅದರಲ್ಲಿ ಏನೂ ಸಿಗದೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದರು.

ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಮಗ್ಗಕ್ಕೆ ಕೂತವರು ಮಧ್ಯಾಹ್ನ ಇರಲಿಲ್ಲ. ಹೃದಯಾಘಾತ. ಮಗನ ಐಟಿಐ ಇನ್ನೂ ಮುಗಿದಿಲ್ಲ. ನೂಲಿಗೆ, ಮಗ್ಗದ ರಿಪೇರಿಗೆ ಅಂತ ತೆಗೆದ ಸಂಘದ ಸಾಲ ಬಾಕಿ ಇತ್ತು. ವಾರ ವಾರ ಕಂತು. ಅಕ್ಕ ಖಣದ ಮಗ್ಗಗಳಿಗೆ ನೂಲು ಸುತ್ತಿಕೊಡುತ್ತಿದ್ದರು, ಈಗ ಅದಕ್ಕೂ ಕೈ ಏಳುತ್ತಿರಲಿಲ್ಲ. ನಸುಕಿನ ಮೂರಕ್ಕೆ ಎಚ್ಚರ. ಊಟ ಸೇರದು. ಕುಪ್ಪಸ ಸಡಿಲಾಗುವಷ್ಟು ಇಳಿದಿದ್ದರು.

ಖಿನ್ನತೆ ಅಂತ ಹೇಳಲು ಇಷ್ಟೇ ಸಾಕಿತ್ತು. ಆದರೆ ಮಾತು ಭಾನುವಾರದ ಚರ್ಚಿನ ಸಭೆಯ ಕಡೆ ತಿರುಗಿದಾಗ ಬೇರೊಂದು ಸಂಗತಿ ಹೊರಬಂತು.

'ಸಭೆಯೊಳಗ ಎದ್ದು ನಿಂತು ಸಾಕ್ಷಿ ಹೇಳ್ತೇನ್ರಿ. ಕರ್ತ ನನಗ ಸಮಾಧಾನ ಕೊಟ್ಟಾನ ಅಂತೇನಿ. ಎಲ್ಲಾರೂ ಸ್ತೋತ್ರ ಅಂತಾರ. ಮನಿಗೆ ಬಂದ್ರ ಒಲಿ ಹಚ್ಚಾಕ ಆಗಂಗಿಲ್ರಿ.'

ಸಾಕ್ಷಿ ಅಂದರೆ ದೇವರು ತನಗೆ ಮಾಡಿದ ಒಳ್ಳೆಯದನ್ನು ಸಭೆಯ ಎದುರು ಹೇಳುವುದು. ಇದರ ಜೊತೆಗೆ ಶುಕ್ರವಾರದ ಉಪವಾಸ ಪ್ರಾರ್ಥನೆ. ಮೊದಲೇ ಊಟ ಬಿಟ್ಟವರಿಗೆ ವಾರಕ್ಕೊಂದು ದಿನ ಪೂರ್ತಿ ಉಪವಾಸ! ಡಾಕ್ಟರು ಖಿನ್ನತೆಗೆ ಅಂತ ಬರೆದುಕೊಟ್ಟ ಗುಳಿಗೆ ಚೀಲದಲ್ಲೇ ಇತ್ತು, ಚೀಟಿ ಸಮೇತ. ಯಾಕೆ ತಗೊಂಡಿಲ್ಲ ಅಂತ ಕೇಳಿದೆ. ನೆಗೆಣ್ಣಿ ಬೇಡ ಅಂದಿದ್ದರಂತೆ. 'ತಲಿ ಗುಳಿಗಿ ನುಂಗಿದ್ರ ದೇವರ ಮ್ಯಾಲೆ ಭಾರ ಹಾಕಿಲ್ಲ ಅಂದಂಗ ಆತು' ಅಂದಿದ್ದರಂತೆ. ನೆಗೆಣ್ಣಿ ಕೆಟ್ಟವರಲ್ಲ. ಸಾವಾದ ಮೇಲೆ ವಾರಗಟ್ಟಲೆ ಇವರ ಮನೆಗೆ ರೊಟ್ಟಿ ಬಡಿದು ಕಳಿಸಿದವರೂ ಅವರೇ.

ಇಂಥ ಕಡೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಸಾಯಬೇಕು ಅನ್ನಿಸಿದೆಯಾ? ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ಸುಳ್ಳು ಭಯ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಸಾಯ್ಬೇಕು ಅಂತ ಇಲ್ರಿ, ಅದು ಪಾಪ. ಆದ್ರ ಮುಂಜಾನೆ ಎಚ್ಚರಾಗದಿದ್ರ ಚಲೋ ಅಂತ ಬೇಡ್ಕೊಂಡೇನಿ.' ಈ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅವತ್ತೇ ಮಗನ ಎದುರು ಮಾತಾಡಿದೆವು. ರಾತ್ರಿ ಒಂಟಿಯಾಗಿ ಮಲಗಬಾರದು. ಆ ಯೋಚನೆ ಜೋರಾದರೆ ಯಾರನ್ನು ಎಬ್ಬಿಸಬೇಕು ಅನ್ನುವುದು ಗೊತ್ತಿರಬೇಕು. ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಬೇಕು. ಇದು 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಂಬಿಕೆಯ ವಿಷಯ. ನಾನು ಲಿಂಗಾಯತರ ಮನೆಯವಳು. ಸತ್ಯವೇದ, ಅಂದರೆ ಬೈಬಲ್, ಓದಿದ್ದೇನೆ, ಆದರೆ ಅದನ್ನು ಬೋಧಿಸುವ ಹಕ್ಕು ನನಗಿಲ್ಲ. 'ಪ್ರಾರ್ಥನೆಯೆಲ್ಲ ಇರಲಿ, ಮೊದಲು ಗುಳಿಗೆ ತಗೊಳ್ಳಿ' ಅನ್ನುವ ಸಲಹೆಗಾರರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಸಾವಿನ ದಿನ ಈ ಹೆಂಗಸಿನ ಹಿಂದೆ ನಿಂತದ್ದು ಅವರ ಸಭೆ. ಸಮಾಧಿಯ ಕೆಲಸ, ಅಡುಗೆ, ರಾತ್ರಿಯ ಹಾಡು, ಮಗನ ಫೀಸಿಗೆ ಕೈಗಡ, ಎಲ್ಲವೂ ಅಲ್ಲಿಂದ. ಎಷ್ಟೋ ಮನೆಗಳಲ್ಲಿ ಹುಡುಕಿದರೂ ನನಗೆ ಸಿಗದ ಆಸರೆ ಇವರ ಹತ್ತಿರ ಮೊದಲೇ ಇತ್ತು. ಅದನ್ನು ಕಿತ್ತು ಅದರ ಜಾಗದಲ್ಲಿ ನಾನೇನು ಇಡಲಿ?

ಆದರೆ ಅದೇ ನಂಬಿಕೆ ಇವರನ್ನು ಹಿಂಡುತ್ತಲೂ ಇತ್ತು. ಕೆನೆತ್ ಪರ್ಗಮೆಂಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಕಷ್ಟದಲ್ಲಿರುವ ಜನ ಧರ್ಮವನ್ನು ಹೇಗೆ ಬಳಸುತ್ತಾರೆ ಅಂತ ಬಹಳ ವರ್ಷ ಅಧ್ಯಯನ ಮಾಡಿದವರು. ಅವರು ಎರಡು ದಾರಿ ಗುರುತಿಸುತ್ತಾರೆ. ದೇವರು ನನ್ನ ಜೊತೆಗಿದ್ದಾನೆ, ಜನರೂ ಇದ್ದಾರೆ ಅಂತ ಒರಗಿಕೊಳ್ಳುವುದು ಒಂದು. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಅಂತ ಒಳಗೇ ಸವೆಯುವುದು ಇನ್ನೊಂದು. ಒಬ್ಬರಲ್ಲೇ ಎರಡೂ ಇರಬಹುದು. ಅಕ್ಕನಲ್ಲಿ ಇದ್ದವು. ನಸುಕಿನ ಮೂರರಿಂದ ಬೆಳಗಾಗುವ ತನಕ ಅವರು 'ನನ್ನ ಅಪನಂಬಿಕಿ ಕ್ಷಮಿಸು' ಅಂತ ಅಳುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಪ್ರಾರ್ಥನೆಯಲ್ಲ. ತನ್ನ ಮೇಲೆ ತಾನೇ ನಡೆಸುವ ವಿಚಾರಣೆ.

ಹಾಗಂತ ಅವರಿಗೆ ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ ಅಷ್ಟೆ. ಪ್ರತಿ ಸಲ ಪ್ರಾರ್ಥನೆ ಮುಗಿದ ಮೇಲೆ ನೋಡಿಕೊಳ್ಳಿ ಅಕ್ಕಾರ, ಎದೆ ಸ್ವಲ್ಪ ಹಗುರಾಗುತ್ತಾ, ಇನ್ನೂ ಭಾರ ಆಗುತ್ತಾ? ಮುಂದಿನ ಸಲ ಬಂದಾಗ ಅವರೇ ಹೇಳಿದರು. ಸಂಜೆ ಮಹಿಳೆಯರ ಕೂಟದಲ್ಲಿ ಹಾಡಿದಾಗ ಹಗುರ, ನಸುಕಿನಲ್ಲಿ ಒಬ್ಬರೇ ಮೊಣಕಾಲೂರಿದಾಗ ಭಾರ. ಅದಕ್ಕೆ ಈ ಸಲಹೆ: ಮೂರಕ್ಕೆ ಎಚ್ಚರಾದರೆ ಹಾಸಿಗೆಯಲ್ಲಿ ಹೊರಳಬೇಡಿ. ಎದ್ದು ಕೂತು ಬಿಸಿನೀರು ಕುಡಿಯಿರಿ. ಬಾಯಿಪಾಠ ಇರುವ ಒಂದು ವಾಕ್ಯ ಹೇಳಿ ಸಾಕು ಮಾಡಿ. ಪಾಪದ ಲೆಕ್ಕ, ಸಾಲದ ಲೆಕ್ಕ ಯಾವುದೂ ಆ ಹೊತ್ತಿಗೆ ಬೇಡ.

ಸತ್ಯವೇದ ತನ್ನಿ ಅಂದಿದ್ದೆ. ದೇವರು ಕುರುಬನಂತೆ ಕಾಯುತ್ತಾನೆ ಅನ್ನುವ 23ನೇ ಕೀರ್ತನೆಯ ಹಾಳೆ ಮಾಸಿಹೋಗಿತ್ತು, ಅಷ್ಟು ಓದಿದ್ದರು. ಮುರಿದುಹೋದ ಮನಸ್ಸಿನವರು ಬರೆದ ಕೀರ್ತನೆಗಳೂ ಅದೇ ಪುಸ್ತಕದಲ್ಲಿವೆ. ಒಟ್ಟು 150ರಲ್ಲಿ ಅಳು, ದೂರು, ಮೊರೆ ತುಂಬಿದವು ಬಹಳ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನ ಬರುವುದಿಲ್ಲ. ಆದರೂ ಯಾರೂ ಅದನ್ನು ತೆಗೆದುಹಾಕಿಲ್ಲ. 13ನ್ನು ಓದುತ್ತೀರಾ ಅಂತ ಕೇಳಿದೆ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುವ ಕೀರ್ತನೆ ಅದು. ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಅದೇ ಪ್ರಶ್ನೆ. ಅಕ್ಕ ಜೋರಾಗಿ ಓದಲು ಶುರು ಮಾಡಿ ನಡುವೆ ನಿಂತರು. 'ಹಿಂಗ ಅನ್ನಬಹುದೇನ್ರಿ ದೇವರಿಗೆ?' ಅಂದರು. ಬರೆದವರು ಅಂದಿದ್ದಾರಲ್ಲ, ಉಳಿದದ್ದು ಪಾಸ್ಟರ್‌ನ ಕೇಳಿ ಅಂದೆ.

ಪಾಸ್ಟರ್ ಜೊತೆ ನಾನೂ ಮಾತಾಡಬಹುದಾ ಅಂತ ಅನುಮತಿ ಕೇಳಿದೆ. ಏನು ಹೇಳಬೇಕು, ಏನು ಹೇಳಬಾರದು ಅನ್ನುವುದನ್ನು ಅಕ್ಕನೇ ತೀರ್ಮಾನಿಸಿದರು. ಆ ಹಿರಿಯರು ಒಳ್ಳೆಯವರು. ಊಟದ ಮಾತು ಬಂದಾಗ ಅವರು ಸತ್ಯವೇದದ ಎಲೀಯನ ಕಥೆ ತೆಗೆದರು. ಪ್ರವಾದಿ ದಣಿದು, ಹೆದರಿ, ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ಆಗ ಬಂದ ದೂತ ಬೈಯಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟು ಏಳು, ಉಣ್ಣು ಅಂದ. ಅವನು ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ಉಣಿಸಿದ. 'ನಿಂಗ ಸದ್ಯ ಉಪವಾಸ ಬ್ಯಾಡವ್ವ, ಉಣ್ಣೋದ ನಿನ್ನ ಪ್ರಾರ್ಥನೆ' ಅಂತ ಪಾಸ್ಟರ್ ಹೇಳಿದರು. ಈ ಮಾತನ್ನು ನಾನು ಹೇಳಿದ್ದರೆ ನಡೆಯುತ್ತಿರಲಿಲ್ಲ. ಉಪವಾಸ ಬಿಡಿಸುವ ಅಧಿಕಾರ ಅವರಿಗಿದೆ, ನನಗಿಲ್ಲ.

ಗುಳಿಗೆಯ ಮಾತೂ ಅಲ್ಲೇ ಬಗೆಹರಿಯಿತು. ಸುವಾರ್ತೆ ಬರೆದ ಲೂಕ ವೈದ್ಯನಾಗಿದ್ದ ಅಂತ ಪೌಲನೇ ಬರೆದಿದ್ದಾನೆ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ. ಅದಕ್ಕಿಂತ ಹತ್ತಿರದ ಉದಾಹರಣೆ ಅಕ್ಕನ ಮನೆಯಲ್ಲೇ ಇತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 19ನೇ ಶತಮಾನದಲ್ಲೇ ಗುಳೇದಗುಡ್ಡಕ್ಕೆ ಬಂದವರು. ಗದಗ-ಬೆಟಗೇರಿಯ ಮಿಶನ್ ದವಾಖಾನೆ ನೂರು ವರ್ಷಕ್ಕೂ ಹಳೆಯದು. ಅಕ್ಕನ ತಾಯಿಯ ಹೆರಿಗೆ ಆದದ್ದು ಅಲ್ಲೇ. ಪ್ರಾರ್ಥನೆ ಮಾಡಿಯೇ ಸೂಜಿ ಹಾಕುತ್ತಿದ್ದವರ ಸಭೆ ಇದು. ಈಗ ಗುಳಿಗೆ ಅಪನಂಬಿಕೆ ಹೇಗಾಯಿತು ಅಂತ ಪಾಸ್ಟರ್ ನೆಗೆಣ್ಣಿಯನ್ನು ಕೇಳಿದರಂತೆ. ಅವರು ನಕ್ಕುಬಿಟ್ಟರಂತೆ.

ಎಲ್ಲ ಕಡೆ ಇಂಥ ಪಾಸ್ಟರ್ ಸಿಗುವುದಿಲ್ಲ. ಗುಳಿಗೆ ಎಸೆಯಿರಿ, ಪ್ರಾರ್ಥನೆಯಿಂದ ರೋಗಕ್ಕೆ ಬಿಡುಗಡೆ ಆಗಿದೆ ಅನ್ನುವವರೂ ಇದ್ದಾರೆ. ಅಂಥಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ. ಅದೇ ಸಭೆಯಲ್ಲಿ ಬಿಪಿ, ಸಕ್ಕರೆಗೆ ಗುಳಿಗೆ ತಗೊಳ್ಳುವ ಹಿರಿಯರು ಇದ್ದೇ ಇರುತ್ತಾರೆ. ಅವರನ್ನು ಮಾತಾಡಿಸಿ ಅನ್ನುತ್ತೇನೆ.

ಗುಳಿಗೆ ಬಗ್ಗೆ ಹೇಳಿದ್ದು ಇಷ್ಟು. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಚಟ ಹತ್ತುವ ಗುಳಿಗೆ ಇದಲ್ಲ, ಆದರೆ ಹುಷಾರಾಯಿತು ಅಂತ ತಾವೇ ನಿಲ್ಲಿಸಬಾರದು. ಹುಷಾರಾದ ಮೇಲೂ ಕೆಲವು ತಿಂಗಳು ಬೇಕು. ಡಾಕ್ಟರು ಹೇಳಿದಾಗ ನಿಧಾನಕ್ಕೆ ಕಡಿಮೆ ಮಾಡಬೇಕು.

ಸಾಲದ ಬಗ್ಗೆ ಪ್ರಾರ್ಥನೆ ಸಾಕಾಗದು, ಅದನ್ನು ಪಾಸ್ಟರ್ ಕೂಡ ಒಪ್ಪಿದರು. ಕಂತಿನವರು ಕತ್ತಲಾದ ಮೇಲೂ ಫೋನ್ ಮಾಡುತ್ತಿದ್ದರು. ಆರ್‌ಬಿಐನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ಸಭೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು. ಅವರು ಮಗನನ್ನು ಕರೆದುಕೊಂಡು ಶಾಖೆಗೆ ಹೋಗಿ, ಸಾಲ ಯಾರ ಹೆಸರಲ್ಲಿದೆ, ಸಾಲದ ಜೊತೆ ವಿಮೆ ಇದೆಯಾ ಅಂತ ಕಾಗದ ಕೇಳಿ ಪಡೆದರು. ಗಂಡ ತೀರಿಕೊಂಡಾಗ ವಿಮೆ ಇದೆಯಾ ಅಂತ ನೋಡುವುದು ಮೊದಲ ಕೆಲಸವಾಗಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ನೋಡುವುದೇ ಇಲ್ಲ. ಇವರಿಗೆ ಒಂದು ಸಾಲಕ್ಕೆ ವಿಮೆ ಇತ್ತು. ಇನ್ನೊಂದರ ಕಂತು ಚಿಕ್ಕದಾಯಿತು.

ಕೂಟದ ಹೆಂಗಸರಿಗೂ ಒಂದು ಮಾತು ಹೇಳಿ ಕಳಿಸಿದೆ. ಮನೆಗೆ ಹೋಗಿ, ಆದರೆ 'ದೇವರ ಚಿತ್ತ', 'ಒಳ್ಳೇವರನ್ನ ಬೇಗ ಕರ್ಕೊಂತಾನ' ಅನ್ನುವ ಮಾತು ನಿಮ್ಮ ಬಾಯಿಂದ ಬರುವುದು ಬೇಡ. ಅಕ್ಕ ತಾವೇ ಅಂದರೆ ಅನ್ನಲಿ, ಅವರ ದುಃಖ, ಅವರ ಮಾತು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರ ತಪ್ಪು ಶುರುವಾದದ್ದು ಬಾಯಿ ಬಿಟ್ಟ ಮೇಲೆ. ಈ ಕಥೆ ಅವರಿಗೆಲ್ಲ ಗೊತ್ತಿದ್ದದ್ದೇ. ಮರುವಾರದಿಂದ ಇಬ್ಬರು ಸಂಜೆ ಹೋಗಿ ಜೊತೆಗೆ ನೂಲು ಸುತ್ತತೊಡಗಿದರು.

ಈಗ ಅಕ್ಕ ನಿದ್ದೆ ಮಾಡುತ್ತಾರೆ. ರೊಟ್ಟಿ ಬಡಿಯುತ್ತಾರೆ. ಗುಳಿಗೆ ನಡೆದಿದೆ. ಅಳು ನಿಂತಿಲ್ಲ, ನಿಲ್ಲಬೇಕು ಅಂತ ನಾನು ಹೇಳಿಯೂ ಇಲ್ಲ. ಸಾಕ್ಷಿ ಹೇಳುವುದನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಒಮ್ಮೆ ಎದ್ದು ನಿಂತು, 'ನಂಗ ಇನ್ನೂ ಸಮಾಧಾನ ಬಂದಿಲ್ಲ, ನನ್ನ ಸಲುವಾಗಿ ಪ್ರಾರ್ಥನೆ ಮಾಡ್ರಿ' ಅಂದರಂತೆ. ಅವತ್ತು ಸ್ತೋತ್ರ ಅನ್ನಲು ಜನರಿಗೆ ಸ್ವಲ್ಪ ತಡವಾಯಿತಂತೆ.

ಮುಂದೆ ಬರುತ್ತಿರುವುದು ಗಂಡನಿಲ್ಲದ ಮೊದಲ ಕ್ರಿಸ್ಮಸ್. ಹಾಡುವವರ ತಂಡ ರಾತ್ರಿ ಮನೆ ಮನೆಗೆ ಬರುತ್ತದೆ, ಇವರ ಮನೆಗೂ. ಮೊದಲ ಹಬ್ಬ ಹುಷಾರಾದವರನ್ನೂ ಮತ್ತೆ ಕುಗ್ಗಿಸಬಲ್ಲದು. ಅದಕ್ಕೆ ಈಗಲೇ ಮಾತಾಡಿಕೊಂಡಿದ್ದೇವೆ. ತಂಡದವರು ಬಂದಾಗ ಬಾಗಿಲು ತೆಗೆಯುವುದು ಮಗ. ಅಕ್ಕನಿಗೆ ಬೇಕೆನಿಸಿದರೆ ಹೊರಗೆ ಬರುತ್ತಾರೆ, ಇಲ್ಲವಾದರೆ ಒಳಗೇ ಇರುತ್ತಾರೆ. ಆ ರಾತ್ರಿ ನೆಗೆಣ್ಣಿ ಇವರ ಮನೆಯಲ್ಲೇ ಮಲಗುತ್ತಾರೆ. ಗುಳಿಗೆ ನೆನಪಿಸುವ ಕೆಲಸವನ್ನೂ ಅವರೇ ಕೇಳಿ ತಗೊಂಡಿದ್ದಾರೆ.