ಟರ್ಬೊ ಕಾರಿಗೆ ಇ85: ಬಂಕ್ ಸಿಗುತ್ತದೆ, ಮೊದಲು ಟ್ಯೂನ್ ಮಾಡಿಸಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಇ85 (ಪೆಟ್ರೋಲ್‌ಗೆ ಹೆಚ್ಚಿನ ಪಾಲು ಎಥೆನಾಲ್ ಬೆರೆಸಿದ ಇಂಧನ) ಎಲ್ಲಿ ಸಿಗುತ್ತದೆ, ನಿಮ್ಮ ಟರ್ಬೊ ಕಾರು ಸುಬಾರು ಡಬ್ಲ್ಯೂಆರ್‌ಎಕ್ಸ್‌ಗೆ ಸುಮ್ನೆ ತುಂಬಿಸಿದರೆ ನಡೆಯುತ್ತದಾ ಅಂತ ಕೇಳಿದ್ದೀರಿ. ಸಿಗುವುದೇನೂ ಕಷ್ಟವಿಲ್ಲ. ಎಥೆನಾಲ್ ತಯಾರಾಗುವ ಮೆಕ್ಕೆಜೋಳದ ಸೀಮೆ ಅಲ್ವಾ, ಮಿನ್ನೆಸೋಟದಲ್ಲಿ ಇ85 ಬಂಕ್‌ಗಳು ಬೇಕಾದಷ್ಟಿವೆ. ಅಮೆರಿಕದ ಇಂಧನ ಇಲಾಖೆಯ ವೆಬ್‌ಸೈಟ್‌ನಲ್ಲಿ ಜಿಪ್ ಕೋಡ್ ಹಾಕಿದರೆ ಹತ್ತಿರದವು ಮ್ಯಾಪ್‌ನಲ್ಲೇ ಕಾಣುತ್ತವೆ.

ಆದರೆ ಸುಮ್ನೆ ತುಂಬಿಸಬೇಡಿ. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು 14.7 ಪಾಲು ಗಾಳಿ ಬೇಕು, ಇ85ಗೆ ಸುಮಾರು 9.8 ಸಾಕು. ಅಂದರೆ ಅಷ್ಟೇ ಗಾಳಿಗೆ ತೂಕದ ಲೆಕ್ಕದಲ್ಲಿ ಸುಮಾರು ಶೇ. 50ರಷ್ಟು ಜಾಸ್ತಿ ಇಂಧನ ಹೋಗಬೇಕು. ಕಂಪನಿಯ ಇಂಜೆಕ್ಟರ್, ಪಂಪ್ ಅಷ್ಟು ಕೊಡದೆ ಮಿಶ್ರಣ ಲೀನ್ (ಗಾಳಿ ಜಾಸ್ತಿ, ಇಂಧನ ಕಮ್ಮಿ) ಆಯಿತೋ, ಫುಲ್ ಬೂಸ್ಟ್‌ನಲ್ಲಿ (ಟರ್ಬೊ ಪೂರ್ತಿ ಒತ್ತಡದಲ್ಲಿ ಗಾಳಿ ತಳ್ಳುವಾಗ) ಪಿಸ್ಟನ್ನೇ ಹೋಗಬಹುದು.

ಇನ್ನೊಂದು ತಲೆನೋವಿದೆ. ಹೆಸರಿಗೆ 85 ಅಷ್ಟೇ, ಒಳಗಿನ ಎಥೆನಾಲ್ ಶೇ. 51ರಿಂದ 83ರವರೆಗೆ ಎಷ್ಟಾದರೂ ಇರಬಹುದು. ಚಳಿಗಾಲದಲ್ಲಿ ಗಾಡಿ ಸ್ಟಾರ್ಟ್ ಆಗಲಿ ಅಂತ ಕಮ್ಮಿ ಮಾಡುತ್ತಾರೆ. ಬೇಸಿಗೆಯಲ್ಲಿ ಮಾಡಿಸಿದ ಟ್ಯೂನ್ (ಎಂಜಿನ್ ಕಂಪ್ಯೂಟರ್‌ನ ಇಂಧನ ಲೆಕ್ಕದ ಹೊಂದಾಣಿಕೆ) ಜನವರಿಯಲ್ಲಿ ಕೈಕೊಡುವುದು ಇದಕ್ಕೇ. ಹಾಗಾಗಿ ಎಥೆನಾಲ್ ಎಷ್ಟಿದೆ ಅಂತ ಅಳೆಯುವ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಹಾಕಿಸಿ, ಅದಕ್ಕೆ ತಕ್ಕ ಟ್ಯೂನ್ ಮಾಡಿಸಿ. ದುಬಾರಿಯೇ, ಆದರೆ ಎಂಜಿನ್‌ಗಿಂತ ಅಗ್ಗ. ನಾಕಿಂಗ್ (ಎಂಜಿನ್‌ನೊಳಗೆ ಇಂಧನ ತಾನಾಗಿಯೇ ಸಿಡಿಯುವುದು) ಕಮ್ಮಿಯಾಗಿ ಪವರ್ ಚೆನ್ನಾಗಿ ಏರುತ್ತದೆ. ಮೈಲೇಜ್ ಮಾತ್ರ ಸುಮಾರು ಕಾಲು ಭಾಗ ಇಳಿಯುತ್ತದೆ.