ಆ ಎರಡು ಗ್ಯಾಲರಿಗಳು ಮುಚ್ಚಿದ್ದೇಕೆ?

ಪ್ರಿಯ ಓದುಗರೇ,

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಮಕ್ಕಳನ್ನು ಕರೆದೊಯ್ದಾಗ ಮೂಲನಿವಾಸಿಗಳ ಎರಡು ಗ್ಯಾಲರಿಗಳು ಮುಚ್ಚಿದ್ದವೆಂದು ಬೇಸರದಿಂದ ಬರೆದಿದ್ದೀರಿ. ಯಾವ ಕಾಲದಲ್ಲೋ ಯಾರೋ ಮಾಡಿದ ತಪ್ಪಿಗೆ ಇಂದಿನ ಮಕ್ಕಳ ಕಲಿಕೆಗೇಕೆ ಅಡ್ಡಿ ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಮಾತನ್ನು ಒಪ್ಪಲಾರೆ. ಅದೇ ಮ್ಯೂಸಿಯಂನಲ್ಲಿ ನಡೆದದ್ದನ್ನು ಹೇಳುತ್ತೇನೆ.

1897ರಲ್ಲಿ ಧ್ರುವಯಾನಿ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡಿನ ವಾಯವ್ಯ ತೀರದಿಂದ ಅಲ್ಲಿನ ಮೂಲನಿವಾಸಿಗಳಾದ ಆರು ಮಂದಿ ಇನ್ಯುಯಿಟ್ ಜನರನ್ನು ಹಡಗಿನಲ್ಲಿ ಕರೆತಂದ. ಮ್ಯೂಸಿಯಂನ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಅಧ್ಯಯನಕ್ಕೆಂದು ಕರೆತರಲು ಕೇಳಿದ್ದು ಒಬ್ಬರನ್ನು ಮಾತ್ರ. ಬಂದವರಿಗೆ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ವಸತಿ. ಕೆಲವೇ ತಿಂಗಳಲ್ಲಿ ನಾಲ್ವರು ಕಾಯಿಲೆಬಿದ್ದು ತೀರಿಕೊಂಡರು, ಒಬ್ಬ ಊರಿಗೆ ಮರಳಿದ. ಉಳಿದದ್ದು ಏಳು ವರ್ಷದ ಆಸುಪಾಸಿನ ಹುಡುಗ ಮಿನಿಕ್. ಮೊದಲು ಸತ್ತವನು ಅವನ ಅಪ್ಪ ಕಿಸುಕ್.

ಅಪ್ಪನ ಅಂತ್ಯಕ್ರಿಯೆ ತಮ್ಮವರ ಪದ್ಧತಿಯಂತೆ ಆಗಲೆಂಬುದು ಹುಡುಗನ ಆಸೆ. ಮ್ಯೂಸಿಯಂನವರು ಹೆಣದಷ್ಟುದ್ದದ ಮರದ ದಿಮ್ಮಿಯೊಂದಕ್ಕೆ ಬಟ್ಟೆ ಸುತ್ತಿ, ಮುಸ್ಸಂಜೆಯಲ್ಲಿ ತೋಟದಲ್ಲಿಟ್ಟು, ಮೇಲೆ ಕಲ್ಲು ಪೇರಿಸಿದರು. ಮಿನಿಕ್ ಅದನ್ನೇ ಅಪ್ಪನೆಂದು ನಂಬಿದ. ಕಿಸುಕ್‌ನ ದೇಹವನ್ನು ಕೊಯ್ದು, ಮಾಂಸ ಬಿಡಿಸಿ, ಎಲುಬುಗಳನ್ನು ಸಂಗ್ರಹಕ್ಕೆ ಸೇರಿಸಿಕೊಂಡಿದ್ದರು. ವರ್ಷಗಳ ಮೇಲೆ ನಿಜ ತಿಳಿದ ಮಿನಿಕ್, ಅಪ್ಪನ ಅಸ್ಥಿ ಕೊಡಿ ಎಂದು 1907ರಲ್ಲಿ ಪತ್ರಿಕೆಗಳ ಮೂಲಕ ಬೇಡಿಕೊಂಡ. ಕೊಡಲಿಲ್ಲ. 1918ರ ಫ್ಲೂಗೆ ಅವನೂ ಬಲಿಯಾದ. ನಾಲ್ವರ ಅಸ್ಥಿ ಗ್ರೀನ್‌ಲ್ಯಾಂಡಿನ ಮಣ್ಣು ಸೇರಿದ್ದು 1993ರಲ್ಲಿ.

ಬೋವಾಸ್ ಸಾಮಾನ್ಯರಲ್ಲ. ಜನಾಂಗಗಳಲ್ಲಿ ಮೇಲುಕೀಳಿಲ್ಲವೆಂದು ವಿಜ್ಞಾನದ ಬಲದಿಂದಲೇ ವಾದಿಸಿದ ದೊಡ್ಡ ವಿದ್ವಾಂಸರು. ಅಂಥವರಿಗೂ ಆ ತಬ್ಬಲಿಯ ಕಣ್ಣಿಗೆ ಮಣ್ಣೆರಚಿದ್ದು ತಪ್ಪೆನಿಸಲಿಲ್ಲ. ಮುಂದೆ ಪತ್ರಿಕೆಯವರು ಕೇಳಿದಾಗ ಸಮರ್ಥಿಸಿಕೊಂಡರು. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಇಲ್ಲಿ. ಒಪ್ಪಿಗೆ ಕೇಳಬೇಕೆಂಬ ಯೋಚನೆಯೇ ಆ ಸಂಸ್ಥೆಯ ಕೆಲಸದ ರೀತಿಯಲ್ಲಿ ಇರಲಿಲ್ಲ.

ಈಗ ಕಾನೂನು ಅದನ್ನೇ ಕೇಳುತ್ತಿದೆ. ಮೂಲನಿವಾಸಿಗಳ ಅಸ್ಥಿ ಮತ್ತು ಪವಿತ್ರ ವಸ್ತುಗಳನ್ನು ಮರಳಿಸಬೇಕೆಂಬ ಅಮೆರಿಕದ ಕಾಯ್ದೆ 1990ರದು. ಇಂಥ ವಸ್ತುಗಳ ಪ್ರದರ್ಶನಕ್ಕೂ ಆಯಾ ಸಮುದಾಯದ ಒಪ್ಪಿಗೆ ಬೇಕೆಂಬ ಹೊಸ ನಿಯಮ 2024ರ ಜನವರಿಯಲ್ಲಿ ಬಂತು. ಆ ತಿಂಗಳೇ ಗ್ಯಾಲರಿಗಳು ಮುಚ್ಚಿದವು. ಕೇಳದೆ ತಂದದ್ದನ್ನು ತೋರಿಸುವ ಮುನ್ನ ಈಗಲಾದರೂ ಕೇಳಲಿ. ಅಲ್ಲಿಯವರೆಗೆ ನಮ್ಮ ಮಕ್ಕಳು ಕಾಯಬಹುದು.

ಅಲ್ಲದೆ, ಕಲಿಯುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಮೂಲನಿವಾಸಿ ಸಮುದಾಯಗಳ ಜೊತೆ ಕೂತು ಹೊಸದಾಗಿ ರೂಪಿಸಿದ, ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಗ್ಯಾಲರಿ 2022ರಲ್ಲಿ ತೆರೆದಿದೆ, ಅದನ್ನು ನೋಡಿ. ಹಾಗೆಯೇ ಉಲ್ಕಾಶಿಲೆಗಳ ವಿಭಾಗದಲ್ಲಿರುವ ಸುಮಾರು 31 ಟನ್ನಿನ ಕಬ್ಬಿಣದ ಶಿಲೆಯನ್ನೂ ಮಕ್ಕಳಿಗೆ ತೋರಿಸಿ. ಮಿನಿಕ್ ಬಂದ ಹಡಗಿನಲ್ಲೇ ಪಿಯರಿ ಅದನ್ನೂ ತಂದ. ಅವನ ಹೆಂಡತಿ ಮ್ಯೂಸಿಯಂಗೆ 40,000 ಡಾಲರಿಗೆ ಮಾರಿದಳು. ಮಿನಿಕ್‌ನ ಪೂರ್ವಿಕರು ಆಕಾಶದಿಂದ ಬಿದ್ದ ಆ ಕಬ್ಬಿಣವನ್ನು ಚೂರುಚೂರಾಗಿ ಕೆತ್ತಿ ಚಾಕು, ಈಟಿಮೊನೆ ಮಾಡಿಕೊಳ್ಳುತ್ತಿದ್ದರು. ಇದನ್ನು ಮಕ್ಕಳಿಗೆ ಹೇಳಿ. ಮಿನಿಕ್‌ನ ಕಥೆಯನ್ನೂ ಹೇಳಿ.

— ಸಂಪಾದಕ