ಸಂತೆಯಲ್ಲಿ ಹಾಡಿಗೆ ಜನ ಸೇರುತ್ತಾರೆ, ತರಕಾರಿ ಮಾತ್ರ ಹೋಗುತ್ತಿಲ್ಲ
ಬಹುಶಃ ವೇದಿಕೆ ಇಟ್ಟ ಜಾಗದ್ದೇ ತೊಂದರೆ. ಪ್ರವೇಶದಲ್ಲೇ ಹಾಡು ನಡೆದರೆ ಜನ ಅಂಗಡಿಗಳಿಗೆ ಬೆನ್ನು ಹಾಕಿ ನಿಂತು, ಮುಗಿದ ಕೂಡಲೇ ಬಂದ ದಾರಿಯಲ್ಲೇ ಹೊರಡುತ್ತಾರೆ.

ಮೊದಲು ವೇದಿಕೆಯನ್ನು ಸಂತೆಯ ಒಳತುದಿಗೆ ಒಯ್ಯಿರಿ; ಹೋಗುವಾಗಲೂ ಬರುವಾಗಲೂ ಅಂಗಡಿ ಸಾಲು ದಾಟಲೇಬೇಕು. ಎರಡು ಗಂಟೆಯ ಕಾರ್ಯಕ್ರಮ ಬೇಡ. 15 ನಿಮಿಷ ಹಾಡು, 30 ನಿಮಿಷ ಬಿಡುವು. ವ್ಯಾಪಾರ ಆಗುವುದು ಬಿಡುವಿನಲ್ಲೇ (ಕಲಾವಿದರಿಗೆ ಇದು ಹಿಡಿಸದಿರಬಹುದು, ಮೊದಲೇ ಮಾತಾಡಿಕೊಳ್ಳಿ). ಸ್ಪೀಕರ್ ಮುಖ ಅಂಗಡಿಗಳತ್ತ ಬೇಡ; ತಕ್ಕಡಿ ಹಿಡಿದವರು ಬೆಲೆಯನ್ನು ಕಿರುಚಿ ಹೇಳಬೇಕಾದರೆ ಗಿರಾಕಿ ಚೌಕಾಸಿಗೂ ನಿಲ್ಲುವುದಿಲ್ಲ. ಮಕ್ಕಳ ಚಿತ್ರ ಬಿಡಿಸುವ ಜಾಗ ನಡುಸಾಲಿನಲ್ಲಿರಲಿ, ಹೆತ್ತವರು ಅಲ್ಲೇ ಸುತ್ತಾಡುತ್ತಾರೆ.

ನಾಲ್ಕು ವಾರ, ಬಂದವರನ್ನೂ ಚೀಲ ತುಂಬಿಸಿಕೊಂಡು ಹೋದವರನ್ನೂ ಬೇರೆಬೇರೆ ಎಣಿಸಿ. ಎರಡನೆಯ ಲೆಕ್ಕ ಏರದಿದ್ದರೆ ತೊಂದರೆ ಮಾಲಿನದ್ದೋ ಸಂತೆಯ ಹೊತ್ತಿನದ್ದೋ ಇರಬಹುದು. ಆಗ ಹಾಡಿನ ಖರ್ಚು ನಿಲ್ಲಿಸಿ ರೈತರನ್ನೇ ಕೇಳಿ.